ಸತ್ತವರನ್ನು ನಡೆಸುವ ಕೈ

ರಾತ್ರಿ ಹನ್ನೊಂದರ ಮೇಲೆ ನಮ್ಮ ಪಂಪ್‌ಸೆಟ್ಟಿಗೆ ಮೂರು ಫೇಸ್ ವಿದ್ಯುತ್ ಬರುತ್ತದೆ. ಸ್ಟಾರ್ಟರ್ ಒತ್ತಿ, ಮೋಟಾರು ನೀರು ಹಿಡಿದ ಸದ್ದು ಕೇಳಿದ ಮೇಲೆ ಗುದ್ದಲಿಯಿಂದ ಮಡೆ ಒಡೆದು ಕಬ್ಬಿನ ಮೊದಲ ನಾಲ್ಕು ಸಾಲುಗಳಿಗೆ ತಿರುಗಿಸುತ್ತೇನೆ. ನೀರು ಆ ತುದಿ ಮುಟ್ಟುವುದಕ್ಕೆ ಅರ್ಧ ಗಂಟೆಗೆ ಕಡಿಮೆಯಿಲ್ಲ. ಅಷ್ಟು ಹೊತ್ತು ಮಲಗುವಂತಿಲ್ಲ, ಮನೆಗೆ ಹೋಗಿ ಬರುವಂತೆಯೂ ಇಲ್ಲ. ಪಂಪ್‌ಸೆಟ್ ಮನೆಯ ಮುಂದಿನ ಕಲ್ಲು ಚಪ್ಪಡಿಯ ಮೇಲೆ ಕುಳಿತು, ಮೊಬೈಲಿನ ಬೆಳಕು ತಗ್ಗಿಸಿಕೊಂಡು ಝೋಂಬಿಗಳ, ಎಂದರೆ ಎದ್ದು ನಡೆಯುವ ಸತ್ತವರ, ಆಟ ಆಡುತ್ತೇನೆ.

ಆಟದ ಹೆಸರು ಝಾಂಬಿಸೈಡ್. ಅದು ಮೊದಲು ರಟ್ಟಿನ ಹಾಸು ಮತ್ತು ಪ್ಲಾಸ್ಟಿಕ್ ಬೊಂಬೆಗಳ ಆಟವಾಗಿ 2012ರಲ್ಲಿ ಬಂತು. ಆಮೇಲೆ ಮೊಬೈಲಿಗೂ ಇಳಿಯಿತು. ಸತ್ತ ಊರೊಂದರ ಬೀದಿ, ಅಂಗಡಿ, ಮನೆಗಳಲ್ಲಿ ಆರು ಜನ ಬದುಕುಳಿದಿದ್ದಾರೆ. ಸುತ್ತ ಝೋಂಬಿಗಳು. ಆಡುವವರೆಲ್ಲ ಒಂದೇ ಪಕ್ಷ. ಗೆದ್ದರೆ ಎಲ್ಲರೂ ಗೆದ್ದಂತೆ, ಸೋತರೆ ಎಲ್ಲರೂ ಸೋತಂತೆ. ಆಟದ ಆರಂಭದಲ್ಲಿ ಕೈಗೆ ಸಿಗುವುದು ಒಂದು ಬಾಣಲೆ, ಒಂದು ಕೊಡಲಿ, ಒಂದು ಹಾರೆ, ಅದೃಷ್ಟವಿದ್ದರೆ ಒಂದು ಪಿಸ್ತೂಲು. ಬಾಣಲೆಯಿಂದ ಹೊಡೆದರೆ ದಾಳದಲ್ಲಿ ಆರು ಬಿದ್ದಾಗ ಮಾತ್ರ ಏಟು ತಗಲುತ್ತದೆ. ಝೋಂಬಿಗೆ ದಾಳವೇ ಬೇಕಿಲ್ಲ. ಅದು ಪಕ್ಕಕ್ಕೆ ಬಂದರೆ ಏಟು ಖಂಡಿತ. ಎರಡು ಗಾಯವಾದರೆ ಮನುಷ್ಯ ಹೋದ.

ಈ ಆಟದಲ್ಲಿ ನನಗೆ ಮೊದಲು ಹಿಡಿಸಿದ್ದು ಸದ್ದಿನ ಲೆಕ್ಕ. ಝೋಂಬಿ ಕಣ್ಣಿಗೆ ಬಿದ್ದವನತ್ತ ನಡೆಯುತ್ತದೆ. ಯಾರೂ ಕಾಣದಿದ್ದರೆ ಎಲ್ಲಿ ಸದ್ದು ಹೆಚ್ಚೋ ಅತ್ತ. ಕೊಡಲಿಯಿಂದ ಬಾಗಿಲು ಒಡೆದರೆ ಅಲ್ಲೊಂದು ಸದ್ದಿನ ಬಿಲ್ಲೆ, ಗುಂಡು ಹಾರಿಸಿದರೆ ಇನ್ನೊಂದು. ಏನೂ ಮಾಡದೆ ನಿಂತಿದ್ದರೂ ಜೀವ ಇರುವ ಪ್ರತಿಯೊಬ್ಬರೂ ಒಂದು ಸದ್ದಿಗೆ ಸಮ. ಉಸಿರಾಡುತ್ತಿರುವುದೇ ಸದ್ದು ಎಂಬ ಈ ಲೆಕ್ಕವನ್ನು ಬರೆದವರ ತಲೆಗೆ ನಾನು ಕೈ ಮುಗಿಯುತ್ತೇನೆ.

ಕಬ್ಬಿನ ಗದ್ದೆಯಲ್ಲಿ ನಾವು ಕಲಿತದ್ದು ಇದಕ್ಕೆ ತೀರ ತಿರುಗುಮುರುಗು. ಹಂದಿ ನುಗ್ಗಿದ ವಾಸನೆ ಬಂದರೆ ತಗಡು ಬಡಿಯುತ್ತೇವೆ. ರಾತ್ರಿ ಹೊತ್ತು ಬದುವಿನ ಮೇಲೆ ನಡೆಯುವಾಗ ಸುಮ್ಮನೆ ಇರಬೇಡ, ಕೆಮ್ಮುತ್ತಾ ಹೋಗು ಎಂದು ಅಪ್ಪ ಹೇಳಿಕೊಟ್ಟಿದ್ದರು. ನಮ್ಮ ಕಡೆ ಕಬ್ಬಿನೊಳಗೆ ಚಿರತೆ ಮರಿ ಹಾಕುವುದು ಹೊಸ ಸುದ್ದಿಯಲ್ಲ. ಮನುಷ್ಯ ಬಂದ ಎಂದು ತಿಳಿದರೆ ಅದು ತಾನಾಗಿ ಸರಿದು ಹೋಗುತ್ತದೆ. ಇಲ್ಲಿ ಸದ್ದು ಕಾಯುತ್ತದೆ. ಆ ಮೊಬೈಲಿನ ಊರಿನಲ್ಲಿ ಸದ್ದೇ ಸಾವನ್ನು ಕರೆಯುತ್ತದೆ. ನನ್ನ ಮೈ ಹಳೆಯ ಪಾಠವನ್ನೇ ನಂಬಿದೆ. ಆಟದೊಳಗೆ ಬಾಗಿಲು ಒಡೆಯುವ ಪ್ರತಿ ಸಲ ಒಳ್ಳೆಯದನ್ನೇ ಮಾಡಿದೆ ಎಂದು ಭುಜ ಸಡಿಲವಾಗುತ್ತದೆ, ಮರುಗಳಿಗೆಯಲ್ಲಿ ಬೀದಿಯ ಆ ತುದಿಯಿಂದ ಅವರು ಹೊರಡುತ್ತಾರೆ.

ನನ್ನ ಮೊಬೈಲಿಗೆ ಬರುವ ಮುಂಚೆ ಈ ಆಟವನ್ನು ನಾನು ಕಂಡದ್ದು ಸಂಕ್ರಾಂತಿಯಲ್ಲಿ, ನಮ್ಮ ನಡುಮನೆಯಲ್ಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅಕ್ಕನ ಮಗ ಹಬ್ಬಕ್ಕೆ ಬರುವಾಗ ಆ ದೊಡ್ಡ ಪೆಟ್ಟಿಗೆ ಹೊತ್ತು ತಂದಿದ್ದ. ಚಾಪೆ ಹಾಸಿ, ಅದರ ಮೇಲೆ ರಟ್ಟಿನ ಚೌಕಗಳನ್ನು ಜೋಡಿಸಿ ಊರು ಕಟ್ಟಿದ. ಬೊಂಬೆಗಳು ಒಟ್ಟು ಎಪ್ಪತ್ತೊಂದು. ಅದರಲ್ಲಿ ಬದುಕಿರುವವರು ಆರು ಜನ. ಮಿಕ್ಕವರಲ್ಲಿ ನಲವತ್ತು ಮಂದಿ ವಾಕರ್‌ಗಳು, ಎಂದರೆ ಮೆಲ್ಲನೆ ನಡೆಯುವವರು. ಹದಿನಾರು ಮಂದಿ ಓಡುವವರು. ಎಂಟು ಮಂದಿ ಸಣ್ಣ ಆಯುಧಕ್ಕೆ ಬಗ್ಗದ ದಪ್ಪನೆಯವರು. ಕೊನೆಗೆ ಒಂದೇ ಒಂದು ಬೃಹದಾಕಾರ. ನಾನು, ಅವನು, ನನ್ನ ಮಗಳು ತಲಾ ಇಬ್ಬರನ್ನು ಹಂಚಿಕೊಂಡೆವು. ಮಗಳು ಗಾಲಿ ಬೂಟು ಹಾಕಿಕೊಂಡ ವಾಂಡಾ ಎಂಬ ಹುಡುಗಿಯನ್ನು ಆರಿಸಿಕೊಂಡಳು. ಬೇರೆಯವರು ಒಂದು ಮನೆ ಸರಿಯುವ ಹೊತ್ತಿಗೆ ಅವಳು ಎರಡು ಮನೆ ಸರಿಯುತ್ತಾಳೆ.

ಅವ್ವ ಗೋಡೆಗೆ ಒರಗಿ ಕುಳಿತು ಅವರೆಕಾಳು ಹಿತುಕುತ್ತಿದ್ದಳು. ಅವಳ ಕಾಲದ ಆಟ ಚೌಕಾಬಾರ. ಹುಣಸೆ ಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಕಡೆ ಬೆಳ್ಳಗೆ ಮಾಡಿ ಕವಡೆಯಂತೆ ಬಳಸುತ್ತಿದ್ದರಂತೆ. ಅದರಲ್ಲಿ ಕಡಿಸಿಕೊಂಡ ಕಾಯಿ ತನ್ನ ಮನೆಗೆ ಹಿಂದಿರುಗಿ ಮೊದಲಿನಿಂದ ನಡೆಯುತ್ತದೆ, ನಡು ಮನೆ ಮುಟ್ಟಿದರೆ ಹಣ್ಣಾಗುತ್ತದೆ. ಎದುರಿಗೆ ಆಡುವವರು ಇಲ್ಲದೆ ಅಂಥ ಆಟವೇ ಇಲ್ಲ. ಅದಕ್ಕೇ ಅವಳಿಗೆ ಸಂಶಯ ಬಂದಿರಬೇಕು.

"ನೀವು ಮೂವರೂ ಒಂದೇ ಕಡೆಯಾದರೆ ಆ ಕಡೆಗೆ ಯಾರು?"

"ಆ ಕಡೆಗೆ ಯಾರೂ ಇಲ್ಲ ಅಜ್ಜಿ. ನಿಯಮವೇ ಅವರನ್ನು ನಡೆಸುತ್ತದೆ" ಎಂದು ಅಕ್ಕನ ಮಗ ಹೇಳಿದ.

"ನಿಯಮಕ್ಕೆ ಕೈ ಇದೆಯೇನೋ?"

ಅವರೆಯ ಮೊರ ಪಕ್ಕಕ್ಕೆ ಸರಿಸಿ, ಸೆರಗಿಗೆ ಬೆರಳು ಒರೆಸಿಕೊಂಡು, ಅವ್ವ ಚಾಪೆಯ ಹತ್ತಿರ ಬಂದು ಕುಳಿತಳು. ಅಲ್ಲಿಂದ ಮುಂದೆ ಆ ದಿನವೆಲ್ಲ ಸತ್ತವರನ್ನು ನಡೆಸಿದ್ದು ಅವಳು.

ಅವಳು ನಡೆಸಿದ ರೀತಿ ಕಣ್ಣಿಗೆ ಕಟ್ಟಿದ ಹಾಗಿದೆ. ನಾವು ನಮ್ಮ ಬೊಂಬೆಗಳನ್ನು ಎತ್ತಿ ಇಡುತ್ತಿದ್ದೆವು, ಅವಳು ಎತ್ತುತ್ತಿರಲಿಲ್ಲ. ತಲೆಯ ಮೇಲೆ ಎರಡು ಬೆರಳಿಟ್ಟು ರಟ್ಟಿನ ಮೇಲೆ ಸರಿಸುತ್ತಿದ್ದಳು, ಕಾಲೆಳೆದು ನಡೆದ ಹಾಗೆ. ಮಗುಚಿಕೊಂಡವನನ್ನು ನಿಲ್ಲಿಸಿ ಆಮೇಲೆ ಮುಂದಿನವನನ್ನು ಹಿಡಿಯುತ್ತಿದ್ದಳು. ಎರಡು ದಾರಿ ಸಮ ಇದ್ದರೆ ಗುಂಪು ಸಮನಾಗಿ ಎರಡಾಗಿ ಒಡೆಯಬೇಕು, ಒಂದು ಬೆಸ ಉಳಿದರೆ ಪೆಟ್ಟಿಗೆಯಿಂದ ಇನ್ನೊಬ್ಬನನ್ನು ತಂದು ಸೇರಿಸಬೇಕು ಎಂಬ ನಿಯಮವಿದೆ. ಅದನ್ನು ಒಂದೇ ಸಲ ಹೇಳಿದ್ದು. ಮತ್ತೆ ಅವಳು ತಪ್ಪಲಿಲ್ಲ. ಒಮ್ಮೆ ವಾಕರ್ ಒಬ್ಬನನ್ನು ಕೈಯಲ್ಲಿ ಹಿಡಿದು, ಹರಿದ ಅಂಗಿಯನ್ನು, ಮುಂದೆ ಚಾಚಿದ ಕೈಯನ್ನು ಬೆಳಕಿಗೆ ತಿರುಗಿಸಿ ನೋಡಿ, ಇವನು ಯಾರ ಮನೆಯವನಾಗಿದ್ದ ಎಂದು ಕೇಳಿದಳು. ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ. ಆಟದ ಪುಸ್ತಕದಲ್ಲಿ ಬದುಕಿರುವ ಆರು ಮಂದಿಗೆ ಹೆಸರಿದೆ, ಕೆಲಸವಿದೆ. ಆ ನಲವತ್ತು ಮಂದಿಗೆ ಏನೂ ಇಲ್ಲ.

ಕತ್ತಲಾಗುವ ಹೊತ್ತಿಗೆ ನಾವು ಸೋಲುವ ದಾರಿಯಲ್ಲಿದ್ದೆವು. ಸೋಲಿಗೆ ಕಾರಣ ನಮ್ಮದೇ ಬಲ. ಝೋಂಬಿಗಳನ್ನು ಕೊಂದಷ್ಟೂ ಅನುಭವದ ಅಂಕ ಏರುತ್ತದೆ, ನೀಲಿಯಿಂದ ಹಳದಿಗೆ, ಅಲ್ಲಿಂದ ಕಿತ್ತಳೆಗೆ, ಕೊನೆಗೆ ಕೆಂಪಿಗೆ. ಹಳದಿಗೆ ಏರಿದವನಿಗೆ ಸರದಿಯಲ್ಲಿ ಮೂರರ ಬದಲು ನಾಲ್ಕು ಕೆಲಸ ಮಾಡುವ ಶಕ್ತಿ. ಆದರೆ ಯಾರು ಎಲ್ಲರಿಗಿಂತ ಮೇಲಿದ್ದಾನೋ ಅವನ ಬಣ್ಣಕ್ಕೆ ತಕ್ಕಂತೆ ಊರಿಗೆಲ್ಲ ಝೋಂಬಿಗಳು ಹುಟ್ಟುತ್ತವೆ. ಒಬ್ಬ ಬೇಗ ಬಲಿತರೆ ಹಿಂದೆ ಉಳಿದವರಿಗೆ ಕಂಟಕ. ಅಕ್ಕನ ಮಗ ಕೈಗೆ ಸಿಕ್ಕ ಎರಡು ಪಿಸ್ತೂಲುಗಳಿಂದ ಬೇಗ ಕಿತ್ತಳೆ ಮುಟ್ಟಿಬಿಟ್ಟಿದ್ದ. ನನ್ನ ಮಗಳ ಕೈಯಲ್ಲಿ ಇನ್ನೂ ಬಾಣಲೆ.

ಆಗ ಪೆಟ್ಟಿಗೆಯಲ್ಲಿ ವಾಕರ್ ಬೊಂಬೆಗಳು ಮುಗಿದವು. ನಲವತ್ತೂ ಹಾಸಿನ ಮೇಲೆ ನಿಂತಿವೆ, ಎಷ್ಟು ಝೋಂಬಿ ಹುಟ್ಟಬೇಕೆಂದು ಹೇಳುವ ಚೀಟಿ ಇನ್ನೂ ಕೇಳುತ್ತಿದೆ. ಅಕ್ಕನ ಮಗ ಪುಸ್ತಕ ತಿರುವಿ ಓದಿದ: ಇಡುವುದಕ್ಕೆ ಬೊಂಬೆ ಸಾಲದೆ ಹೋದರೆ, ಆ ಜಾತಿಯ ಝೋಂಬಿಗಳೆಲ್ಲ ಆ ಕ್ಷಣವೇ ಇನ್ನೊಂದು ಸಲ ನಡೆಯಬೇಕು.

ಅವ್ವ ತಲೆಯಾಡಿಸಿದಳು. "ಹೌದು. ಆಳು ಸಾಲದೆ ಹೋದರೆ ಇದ್ದ ಆಳೇ ಎರಡು ಪಟ್ಟು ದುಡಿಯಬೇಕು."

ಹಾಗೆಂದು ನಲವತ್ತು ಮಂದಿಯನ್ನೂ ಒಬ್ಬೊಬ್ಬರಾಗಿ, ಒಬ್ಬರನ್ನೂ ಬಿಡದೆ, ಇನ್ನೊಂದು ಮನೆ ಮುಂದಕ್ಕೆ ಸರಿಸಿದಳು. ವಾಂಡಾ ಸತ್ತಳು. ಮಗಳು ಅತ್ತಳು. ಕಿಚ್ಚು ಹಾಯಿಸುವುದಕ್ಕೆ ದನಗಳನ್ನು ಹೊಡೆದುಕೊಂಡು ಹೋಗುವ ಗದ್ದಲ ಬೀದಿಯಲ್ಲಿ ಕೇಳಿದ್ದರಿಂದ ನಾವು ಎಲ್ಲವನ್ನೂ ಹಾಗೆಯೇ ಬಿಟ್ಟು ಎದ್ದೆವು.

ಹಬ್ಬ ಮುಗಿದು ಪೆಟ್ಟಿಗೆ ಬೆಂಗಳೂರಿಗೆ ಹೋಯಿತು. ಹೋಗುವ ಮುನ್ನ ಅಕ್ಕನ ಮಗ, "ಮಾವ, ಇದು ಮೊಬೈಲಿನಲ್ಲೂ ಇದೆ" ಎಂದು ಹಾಕಿಕೊಟ್ಟ. ಆ ದಿನದಿಂದ ಆಡುತ್ತಿದ್ದೇನೆ, ಮತ್ತು ಇಷ್ಟಪಟ್ಟು ಆಡುತ್ತಿದ್ದೇನೆ. ಊರು ಜೋಡಿಸುವ ಅರ್ಧ ಗಂಟೆಯ ಕೆಲಸವಿಲ್ಲ. ಚೀಟಿ ಕಲೆಸಬೇಕಿಲ್ಲ, ನಿಯಮಕ್ಕಾಗಿ ಜಗಳವಿಲ್ಲ. ನೋಟ ಎಲ್ಲಿಯವರೆಗೆ ಸಾಗುತ್ತದೆ, ಯಾವ ದಾರಿ ಹತ್ತಿರ ಎಂಬುದನ್ನೆಲ್ಲ ಯಂತ್ರವೇ ಲೆಕ್ಕ ಹಾಕಿಕೊಳ್ಳುತ್ತದೆ. ಬಾಗಿಲನ್ನು ಯಾವಾಗ ತೆರೆಯಬಾರದು ಎಂಬುದನ್ನು ನಾನು ಕಲಿತದ್ದು ಇಲ್ಲಿಯೇ; ತೆರೆಯದ ಕಟ್ಟಡದೊಳಗೆ ಏನಿದೆಯೋ ಅದು ತೆರೆಯುವವರೆಗೆ ಇಲ್ಲ. ಗುಂಪಾಗಿ ಇರಬೇಕು, ಆದರೆ ಒಂದೇ ಕೋಣೆಯಲ್ಲಿ ತುಂಬಿಕೊಳ್ಳಬಾರದು ಎಂಬುದನ್ನೂ ಇಲ್ಲಿಯೇ ಕಲಿತೆ. ಒಂಟಿಯಾಗಿ ಗದ್ದೆ ಕಾಯುವವನಿಗೆ ಇದು ಒಳ್ಳೆಯ ಜೊತೆ.

ಆದರೂ ಕೆಲವು ರಾತ್ರಿಗಳ ನಂತರ ಏನೋ ಕಡಿಮೆ ಎನ್ನಿಸತೊಡಗಿತು. ನಾನು ಸರದಿ ಮುಗಿಸಿದೆ ಎಂದು ಒತ್ತುತ್ತೇನೆ, ಅವರು ತಾವಾಗಿ ಬರುತ್ತಾರೆ. ಯಾರೋ ಅವರನ್ನು ನಡೆಸುತ್ತಿದ್ದಾರೆ ಎಂಬುದು ಅಲ್ಲಿ ಕಾಣುವುದಿಲ್ಲ. ಚಾಪೆಯ ಮೇಲಾದರೆ ನನ್ನನ್ನು ಕೊಲ್ಲಲು ಬರುವವನನ್ನು ನನ್ನ ಮನೆಯವರ ಬೆರಳೇ ಮುಂದಕ್ಕೆ ಸರಿಸುತ್ತಿತ್ತು; ಅವನಿಗೆ ಇಷ್ಟವಿದ್ದು ಬರುತ್ತಿಲ್ಲ ಎಂಬುದು ಕಣ್ಣೆದುರಿಗೇ ಇತ್ತು. ಮೊಬೈಲಿನಲ್ಲಿ ಅವನು ತನ್ನ ಹಸಿವಿನಿಂದಲೇ ಬರುವವನು. ಅಲ್ಲಿ ಪೆಟ್ಟಿಗೆ ಬರಿದಾಗಿ ಆಳು ಸಾಲದೆ ಹೋದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಅವ್ವ ಆ ಮಾತು ಆಡುವುದಕ್ಕೆ ಅಲ್ಲಿ ಸಂದರ್ಭವೇ ಇಲ್ಲ.

ಆಳು ಎಂದು ಅವಳು ಹೇಳಿದ್ದು ಮನಸ್ಸಿನಲ್ಲಿ ಉಳಿದು, ಈ ಝೋಂಬಿ ಎಂಬುದು ಎಲ್ಲಿಂದ ಬಂತು ಎಂದು ಹುಡುಕಿ ಓದಿದೆ. ಓದಿದ ಮೇಲೆ ಎರಡು ದಿನ ಆಟ ಮುಟ್ಟಲಿಲ್ಲ.

ಝೋಂಬಿ ಕೆರಿಬಿಯನ್ ಸಮುದ್ರದ ಹೈಟಿ ದೇಶದ್ದು. ಹದಿನೆಂಟನೆಯ ಶತಮಾನದಲ್ಲಿ ಅದು ಫ್ರೆಂಚರ ವಸಾಹತು, ಜಗತ್ತಿನಲ್ಲೇ ಅತಿ ಹೆಚ್ಚು ಸಕ್ಕರೆ ತೆಗೆಯುತ್ತಿದ್ದ ನೆಲ. ಆಫ್ರಿಕಾದಿಂದ ಹಡಗಿನಲ್ಲಿ ತಂದ ಗುಲಾಮರು ಅಲ್ಲಿ ಕಬ್ಬು ಕಡಿದರು, ಗಾಣಕ್ಕೆ ಕಬ್ಬು ಕೊಟ್ಟರು, ಕೊಪ್ಪರಿಗೆಯ ಮುಂದೆ ಬೆಂದರು. 1791ರಲ್ಲಿ ಅವರೇ ದಂಗೆ ಎದ್ದು, ಹದಿಮೂರು ವರ್ಷ ಹೋರಾಡಿ, 1804ರಲ್ಲಿ ಸ್ವತಂತ್ರ ದೇಶ ಕಟ್ಟಿದರು. ಆ ಜನರ ನಡುವೆ ಉಳಿದು ಬಂದ ನಂಬಿಕೆ ಝೋಂಬಿ: ಸತ್ತವನನ್ನು ಮಾಂತ್ರಿಕನೊಬ್ಬ ಗೋರಿಯಿಂದ ಎಬ್ಬಿಸಿ ಹೊಲಕ್ಕೆ ಹಚ್ಚುತ್ತಾನೆ. ಅವನಿಗೆ ಮಾತಿಲ್ಲ, ಮನಸ್ಸಿಲ್ಲ, ಕೂಲಿ ಇಲ್ಲ. ಮನುಷ್ಯರನ್ನು ತಿನ್ನುವ ಕಥೆ ಸಿನಿಮಾದವರು ಆಮೇಲೆ ಸೇರಿಸಿದ್ದು. ಹೈಟಿಯ ಬಡವ ಝೋಂಬಿಯ ಕೈಗೆ ಸಿಕ್ಕೇನು ಎಂದು ಹೆದರಲಿಲ್ಲ. ತಾನೇ ಝೋಂಬಿಯಾದೇನು, ಸತ್ತ ಮೇಲೂ ಕಬ್ಬಿನ ಗದ್ದೆ ತಪ್ಪದೇನೋ ಎಂದು ಹೆದರಿದ.

1929ರಲ್ಲಿ ಅಮೆರಿಕದ ಪ್ರವಾಸಿಯೊಬ್ಬ ಪ್ರಕಟಿಸಿದ ಪುಸ್ತಕದಿಂದ ಈ ಮಾತು ಹೊರಜಗತ್ತಿಗೆ ಹರಡಿತು. ಹೈಟಿ ಆಗ ಅಮೆರಿಕದ ಸೇನೆಯ ಹಿಡಿತದಲ್ಲಿತ್ತು. ಅಲ್ಲಿನ ರೈತನೊಬ್ಬ ಅವನಿಗೆ ಹೇಳಿದ ಕಥೆ ಹೀಗೆ. ಸಕ್ಕರೆ ಕಂಪನಿಯ ಕಬ್ಬಿನ ಗದ್ದೆಗೆ ಮೇಸ್ತ್ರಿಯೊಬ್ಬ ಒಂದು ಗುಂಪು ಆಳುಗಳನ್ನು ಕರೆತರುತ್ತಾನೆ. ಮಂಕು ಹಿಡಿದ ಮುಖ, ಕೇಳಿದರೆ ಹೆಸರೂ ಹೇಳುವುದಿಲ್ಲ. ವಾರದ ಕೂಲಿ ಮೇಸ್ತ್ರಿಯ ಕೈಗೆ ಹೋಗುತ್ತದೆ. ಅವರು ಸತ್ತವರು. ಅವರಿಗೆ ಉಪ್ಪಿಲ್ಲದ ಊಟ ಮಾತ್ರ ಕೊಡಬೇಕು. ಉಪ್ಪು ನಾಲಗೆಗೆ ತಗಲಿದರೆ ತಾವು ಸತ್ತಿದ್ದೇವೆ ಎಂಬುದು ನೆನಪಾಗುತ್ತದೆ. ಹಬ್ಬದ ದಿನ ಮೇಸ್ತ್ರಿಯ ಹೆಂಡತಿ ಮರುಗಿ, ಸಂತೆಯಲ್ಲಿ ಬೆಲ್ಲದ ಮಿಠಾಯಿ ಕೊಡಿಸುತ್ತಾಳೆ. ಬೆಲ್ಲದೊಳಗಿನ ಕಡಲೆಬೀಜಕ್ಕೆ ಉಪ್ಪು ಹಾಕಿತ್ತು. ಅವರು ತಿಂದರು, ಕೂಗಿಕೊಂಡರು, ಎದ್ದು ಬೆಟ್ಟದ ಕಡೆಗೆ ತಮ್ಮ ಊರಿಗೆ ನಡೆದರು. ಮನೆಯವರು ಗುರುತು ಹಿಡಿದು ಹೆಸರು ಹಿಡಿದು ಕೂಗಿದರೂ ನಿಲ್ಲಲಿಲ್ಲ. ಊರ ಸ್ಮಶಾನಕ್ಕೆ ಹೋಗಿ, ತಮ್ಮ ತಮ್ಮ ಗೋರಿಗಳ ಮೇಲೆ ಬಿದ್ದು ಹೆಣವಾದರು.

ಇವನು ಯಾರ ಮನೆಯವನಾಗಿದ್ದ ಎಂದು ಅವ್ವ ಕೇಳಿದ್ದು ಇದೇ.

ಆ ಪುಸ್ತಕ ಬಂದ ನಾಲ್ಕು ವರ್ಷಕ್ಕೆ, 1933ರಲ್ಲಿ, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಆರಂಭವಾಯಿತು. ನಮ್ಮ ಚರಿತ್ರೆ ಬೇರೆ, ಅದನ್ನು ಸ್ಪಷ್ಟವಾಗಿ ಹೇಳಬೇಕು. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಇಳಿದು ಬಂದಾಗ ರಾಗಿ, ಹುರುಳಿ ಬೆಳೆಯುತ್ತಿದ್ದ ನನ್ನ ತಾತನಂಥವರು ಸ್ವಂತ ಹೊಲದಲ್ಲಿ ಕಬ್ಬು ಹಾಕಿದರು. ಕಬ್ಬಿನಿಂದ ನಮ್ಮ ಮನೆಗೆ ಹೆಂಚು ಬಂತು, ನನ್ನನ್ನು ಓದಿಸಿದ್ದು ಕಬ್ಬು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಆದರೆ ನಮ್ಮ ಕಬ್ಬನ್ನು ಈಗ ನಾವು ಕಡಿಯುವುದಿಲ್ಲ.

ಬಳ್ಳಾರಿ ಕಡೆಯಿಂದ ಆಳುಗಳು ಬರುತ್ತಾರೆ. ಮೇಸ್ತ್ರಿ ಮುಂಗಡ ಕೊಟ್ಟು ಕರೆತರುತ್ತಾನೆ. ಗಂಡ, ಹೆಂಡತಿ, ಕಂಕುಳಲ್ಲಿ ಮಗು. ಪಕ್ಕದ ಖಾಲಿ ಗದ್ದೆಯಲ್ಲಿ ಟಾರ್ಪಾಲಿನ ಗುಡಿಸಲು ಎದ್ದು ನಿಲ್ಲುತ್ತದೆ. ನಸುಕಿನಲ್ಲೇ ಮಚ್ಚಿನ ಸದ್ದು. ಕಡಿಯುವುದು ಸುಲಭದ ಕೆಲಸವಲ್ಲ. ಕಬ್ಬನ್ನು ಎಡಗೈಯಲ್ಲಿ ತಬ್ಬಿ, ಬಗ್ಗಿ, ನೆಲಕ್ಕೆ ಸಮನಾಗಿ ಒಂದೇಟು. ಬುಡ ಮೇಲೆ ಉಳಿದರೆ ಮುಂದಿನ ಕೂಳೆ ಬೆಳೆ ಸೊರಗುತ್ತದೆ. ಎತ್ತಿ ಹಿಡಿದು ತರಗು ಸವರಿ, ಇನ್ನೊಂದೇಟಿಗೆ ತುದಿಯ ಸೋಗೆ ತೆಗೆಯಬೇಕು. ಸೋಗೆಯ ಅಂಚು ಕೊಯ್ದು ಕೊಯ್ದು ಅವರ ಮುಂಗೈ ಮೇಲೆಲ್ಲ ಗೀರು. ಅಂಗೈಗೆ ಹಳೆಯ ಸೀರೆಯ ಚೂರು ಸುತ್ತಿಕೊಂಡಿರುತ್ತಾರೆ. ಹಿಂದಿನ ವರ್ಷ ಗುಂಪಿನಲ್ಲಿ ಜನ ಕಡಿಮೆ ಬಂದಿದ್ದರು, ಕಾರ್ಖಾನೆಯಿಂದ ಕಡಿಯಲು ಅನುಮತಿ ಸಿಕ್ಕಿತ್ತು, ದಿನ ಮೀರಿದರೆ ಕಬ್ಬು ಒಣಗುತ್ತದೆ. ಬಂದವರೇ ರಾತ್ರಿ ಟ್ರ್ಯಾಕ್ಟರಿನ ದೀಪದಲ್ಲಿ ಹೊರೆ ಹೊತ್ತು ತುಂಬಿದರು. ಬದುವಿನ ಮೇಲೆ ನಿಂತು ಬೇಗ ಬೇಗ ಎಂದು ಹೇಳುತ್ತಿದ್ದವನು ನಾನು.

ಅವ್ವನಿಗೆ ಗೊತ್ತಿದ್ದದ್ದು ಇದು. ನಲವತ್ತು ಬೊಂಬೆಗಳು ಇನ್ನೊಂದು ಸಲ ನಡೆಯಬೇಕು ಎಂದಾಗ ಅವಳಿಗೆ ನಿಯಮ ಹೊಸದಾಗಿ ಕಾಣಲಿಲ್ಲ.

ಇಲ್ಲಿ ಬಂದು ಕಡಿಯುವವರು ಝೋಂಬಿಗಳಲ್ಲ. ಅವರಿಗೆ ಹೆಸರಿದೆ, ಸಂಜೆ ಹಾಡಿದೆ, ಕೂಲಿ ಕಡಿಮೆಯಾದರೆ ಮೇಸ್ತ್ರಿಯ ಮೇಲೆ ಏರಿ ಹೋಗುವ ಗಂಟಲಿದೆ. ಆದರೆ ನಾನು ಅವರನ್ನು ತಲೆ ಎಣಿಸಿ ನೋಡಿದ ದಿನಗಳಿವೆ. ಹನ್ನೆರಡು ಜೋಡಿ, ಇಷ್ಟು ಟನ್, ಇಷ್ಟು ದಿನ. ಆ ಲೆಕ್ಕದಲ್ಲಿ ಅವರಿಗೂ ಆ ನಲವತ್ತು ವಾಕರ್‌ಗಳಿಗೂ ವ್ಯತ್ಯಾಸ ಇರಲಿಲ್ಲ. ಆ ಲೆಕ್ಕ ನನ್ನದು.

ಒಂದು ಸಂಜೆಯ ವಿಷಯ ಬರೆಯಬೇಕು. ದೀಪ ಹಚ್ಚಿ ಆಗಿತ್ತು. ಗುಡಿಸಲಿನಿಂದ ಒಬ್ಬ ಹೆಂಗಸು ಬಂದು ಜಗಲಿಯ ಕೆಳಗೆ ನಿಂತು, "ಅವ್ವಾ, ಒಂದು ಹಿಡಿ ಉಪ್ಪು ಕೊಡುತ್ತೀರಾ, ಒಲೆಯ ಮೇಲೆ ಸಾರಿದೆ" ಎಂದಳು. ದೀಪ ಹಚ್ಚಿದ ಮೇಲೆ ಉಪ್ಪು ಹೊರಗೆ ಕೊಡಬಾರದು ಎಂಬುದು ನಮ್ಮ ಮನೆಯ ನಡಾವಳಿ. ಅವ್ವ ಅದನ್ನು ಎಂದೂ ಮುರಿದವಳಲ್ಲ, ಅಕ್ಕಪಕ್ಕದವರು ಕೇಳಿದರೂ ಬೆಳಗ್ಗೆ ಬನ್ನಿ ಎನ್ನುತ್ತಿದ್ದಳು. ಆ ದಿನ ಒಳಗೆ ಹೋಗಿ, ತೆಂಗಿನ ಚಿಪ್ಪಿನ ತುಂಬ ಕಲ್ಲುಪ್ಪು ತುಂಬಿ ತಂದು ಜಗಲಿಯ ಮೇಲೆ ಇಟ್ಟಳು. ಉಪ್ಪನ್ನು ಕೈಯಿಂದ ಕೈಗೆ ಕೊಡುವುದಿಲ್ಲವಲ್ಲ, ಅದಕ್ಕೆ. ಹೆಂಗಸು ಎತ್ತಿಕೊಂಡು, ಒಂದು ಕಲ್ಲು ಬಾಯಿಗೆ ಹಾಕಿಕೊಂಡು ನಡೆದಳು. ಅದು ನಾನು ಹೈಟಿಯ ಕಥೆ ಓದುವುದಕ್ಕೆ ಮುಂಚಿನ ಮಾತು. ಆಗ ನಾನು ಗಮನಿಸಿದ್ದು ಅವ್ವ ನಡಾವಳಿ ಮುರಿದಳು ಎಂಬುದನ್ನು ಮಾತ್ರ.

ಆಟ ಬಿಟ್ಟಿಲ್ಲ. ಮತ್ತೆ ಆಡುತ್ತೇನೆ, ಗೆಲ್ಲಬೇಕೆಂದೇ ಆಡುತ್ತೇನೆ. ಪೆಟ್ಟಿಗೆ ಕಟ್ಟುವಾಗ ತಪ್ಪಿಹೋಗಿದ್ದ ವಾಕರ್ ಬೊಂಬೆಯೊಂದು ಚಾಪೆ ಕೊಡವುವಾಗ ಸಿಕ್ಕಿತು. ಅದನ್ನು ತಂದು ಪಂಪ್‌ಸೆಟ್ ಮನೆಯಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ನಿಲ್ಲಿಸಿದ್ದೇನೆ. ಮೋಟಾರು ಓಡುವಾಗ ಅದು ಸಣ್ಣಗೆ ನಡುಗುತ್ತಾ ಅಂಚಿನ ಕಡೆಗೆ ಸರಿಯುತ್ತದೆ. ಎದ್ದು ಹೋಗಿ ಹಿಂದಕ್ಕೆ ಇಟ್ಟು ಬರುತ್ತೇನೆ.

ನಿನ್ನೆ ರಾತ್ರಿ ನನ್ನವರು ಇಬ್ಬರು ಅಂಗಡಿಯೊಂದರ ಬಾಗಿಲಲ್ಲಿ ಸಿಕ್ಕಿಬಿದ್ದಿದ್ದರು. ಬೀದಿಯಲ್ಲಿ ಏಳು ಮಂದಿ. ನನ್ನ ಕೈಯಲ್ಲಿ ಇನ್ನು ಮಾಡುವ ಕೆಲಸ ಉಳಿದಿರಲಿಲ್ಲ; ಸರದಿ ಮುಗಿಸಿದೆ ಎಂದು ಒತ್ತುವುದಷ್ಟೇ ಬಾಕಿ. ಒತ್ತುವವರೆಗೆ ಅವರು ನಡೆಯುವುದಿಲ್ಲ. ಅಷ್ಟರಲ್ಲಿ ಆ ತುದಿಯಲ್ಲಿ ನೀರು ಬದುವಿಗೆ ಬಡಿದ ಸದ್ದು ಬಂತು. ಮೊಬೈಲನ್ನು ಚಪ್ಪಡಿಯ ಮೇಲೆ ಮಗುಚಿಟ್ಟು, ಗುದ್ದಲಿ ತೆಗೆದುಕೊಂಡು, ಕೆಮ್ಮುತ್ತಾ ಮಡೆ ತಿರುಗಿಸಲು ಹೋದೆ.